ಫ್ರೆಡ್ಡಿಯ ಕೊನೆಯ ವರ್ಷಗಳು ಎಲ್ಲಿ ಹೋದವು?

ಗೆಳೆಯಾ,

ನೀನು ಹೇಳ್ತಾನೇ ಇದ್ದೆಯಲ್ಲ, ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಮೇಲಿನ ಸಿನಿಮಾ ‘ಬೊಹೀಮಿಯನ್ ರಾಪ್ಸಡಿ’ ನೋಡು ಅಂತ. ಮೊನ್ನೆ ರಾತ್ರಿ ಕೊನೆಗೂ ನೋಡಿದೆ. ಬರಗಾಲದ ನೆರವಿಗೆ ನಡೆದ ಆ ದೊಡ್ಡ ಸಂಗೀತ ಕಛೇರಿ, ಲೈವ್ ಏಡ್ ಭಾಗ ಬಂದಾಗ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ಪಿಯಾನೊ ಮೇಲಿನ ಪೆಪ್ಸಿ ಕಪ್ಪುಗಳನ್ನು ಗಮನಿಸಿದೆಯಾ? 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಇದ್ದ ಹಾಗೇ ಜೋಡಿಸಿದ್ದಾರೆ. ಫ್ರೆಡ್ಡಿಯ ಪಾತ್ರ ಮಾಡಿದ ರಾಮಿ ಮಲೆಕ್ ಮೈಕ್ ಹಿಡಿಯುವ ರೀತಿ, ಆ ನಡಿಗೆ, ಎಲ್ಲಾ ಫ್ರೆಡ್ಡಿಯೇ. ಆಸ್ಕರ್ ಸಿಕ್ಕಿದ್ದು ನ್ಯಾಯವೇ.

ಆದರೆ ಬೆಳಗಾಗುವಷ್ಟರಲ್ಲಿ ಮನಸ್ಸು ಕೆಟ್ಟಿತು.

ಸಿನಿಮಾದಲ್ಲಿ ಫ್ರೆಡ್ಡಿ ಲೈವ್ ಏಡ್‌ಗೆ ಮೊದಲೇ ತನಗೆ ಏಡ್ಸ್ ಇದೆ ಅಂತ ಬ್ಯಾಂಡಿನವರಿಗೆ ಹೇಳುತ್ತಾನೆ. ಆದರೆ ಅವನ ಜೊತೆಗೇ ಬದುಕಿದ ಸಂಗಾತಿ ಜಿಮ್ ಹಟ್ಟನ್ ಪ್ರಕಾರ, ಕಾಯಿಲೆ ಗೊತ್ತಾಗಿದ್ದು 1987ರಲ್ಲಿ. ಬ್ಯಾಂಡ್ ಒಡೆದುಹೋಗಿ ಲೈವ್ ಏಡ್‌ಗೆ ಮತ್ತೆ ಸೇರಿತು ಅನ್ನೋದೂ ಹಾಗೇ, ಸಿನಿಮಾದವರ ಕಲ್ಪನೆ. 1984ರಲ್ಲಿ ಅವರ ಆಲ್ಬಮ್ ಬಂದಿತ್ತು, 1985ರ ಜನವರಿಯಲ್ಲಿ ರಿಯೋದಲ್ಲಿ ಹಾಡಿದ್ದರು. ಸಿನಿಮಾ ಅಂದಮೇಲೆ ವರ್ಷಗಳು ಅಷ್ಟಿಷ್ಟು ಹಿಂದುಮುಂದಾಗುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಮಾತ್ರ ಆ ಸಂಗೀತ ಕಛೇರಿಯ ಅರ್ಥವೇ ಬದಲಾಗಿಬಿಟ್ಟಿದೆ. ಅಸಲಿ ವಿಡಿಯೊ ಇನ್ನೊಮ್ಮೆ ನೋಡು. ‘ಏ... ಓ’ ಅಂತ ಇಡೀ ಸ್ಟೇಡಿಯಮ್ಮನ್ನು ಆಟ ಆಡಿಸುತ್ತಾನಲ್ಲ, ಅಲ್ಲಿ ಸಾವಿನ ನೆರಳೇ ಇಲ್ಲ. ಅದು ಬರೀ ಖುಷಿ. ಆ ಖುಷಿಯೊಂದೇ ಸಾಕಿತ್ತು, ಅಲ್ವಾ?

ಫ್ರೆಡ್ಡಿಯ ಹುಟ್ಟುಹೆಸರು ಫರೋಕ್ ಬುಲ್ಸಾರಾ. ಎಂಟು ವರ್ಷದ ಆ ಹುಡುಗನನ್ನು ಜಾಂಜಿಬಾರ್‌ನಿಂದ ಪಂಚಗಣಿಯ ಹಾಸ್ಟೆಲ್ಲಿಗೆ ಕಳಿಸಿದ್ದರು. ಅವನ ಮೊದಲ ಬ್ಯಾಂಡ್ ‘ಹೆಕ್ಟಿಕ್ಸ್’ ಹುಟ್ಟಿದ್ದೂ ಅಲ್ಲೇ. ಆ ಪುಟ್ಟ ಫರೋಕ್‌ನ ಹಾಸ್ಟೆಲ್ ದಿನಗಳನ್ನು ಸಿನಿಮಾ ತೋರಿಸುವುದೇ ಇಲ್ಲ. ಇದೂ ನನಗೆ ನೋವಾಯಿತು.

ಎಲ್ಲಕ್ಕಿಂತ ದೊಡ್ಡ ನೋವು ಬೇರೆ. ಧೈರ್ಯ ತೋರಿಸಬೇಕು ಅಂತ ಕಾಯಿಲೆಯನ್ನು 1985ಕ್ಕೆ ಎಳೆದು ತಂದರು. ನಿಜವಾದ ಧೈರ್ಯ ಇದ್ದದ್ದು ಆಮೇಲಿನ ವರ್ಷಗಳಲ್ಲಿ. ಸಿನಿಮಾ ಅಲ್ಲಿಗೆ ಹೋಗುವ ಮೊದಲೇ ಮುಗಿದುಹೋಗುತ್ತದೆ. ಕಾಯಿಲೆ ಗೊತ್ತಿದ್ದೂ ಅವನು ಸ್ಪೇನಿನ ಒಪೆರಾ ಗಾಯಕಿ ಮೊಂಟ್ಸೆರಾ ಕಬಾಯೆ ಜೊತೆ ಒಪೆರಾ ಶೈಲಿಯಲ್ಲಿ ಇಡೀ ಆಲ್ಬಮ್ ಹಾಡಿದ. ಕ್ವೀನ್ ಜೊತೆ ಇನ್ನೂ ಎರಡು ಆಲ್ಬಮ್ ಮುಗಿಸಿದ. 1991ರ ಮೇ ತಿಂಗಳಲ್ಲಿ ‘ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್’ ವಿಡಿಯೊ ತೆಗೆದರು. ಅವನ ಅಂಗಿಯ ಮೇಲಿನ ವೇಸ್ಟ್‌ಕೋಟಿನ ತುಂಬಾ ಬೆಕ್ಕುಗಳ ಚಿತ್ರ. ಮುಖಕ್ಕೆ ದಪ್ಪ ಮೇಕಪ್. ಕೃಶವಾದ ದೇಹ ಎದ್ದು ಕಾಣದಿರಲಿ ಅಂತ ಕಪ್ಪು ಬಿಳುಪಿನಲ್ಲಿ ತೋರಿಸಿದರು. ಹೆಚ್ಚು ಅಲುಗಾಡದೆ ನಿಂತಲ್ಲೇ ಹಾಡುತ್ತಾನೆ. ಕೊನೆಯಲ್ಲಿ ನೇರ ನಮ್ಮನ್ನೇ ನೋಡಿ ಸಣ್ಣಗೆ ನಗುತ್ತಾನೆ. ನವೆಂಬರ್ 24ಕ್ಕೆ ಹೋಗಿಬಿಟ್ಟ. 45 ವರ್ಷ ಅಷ್ಟೇ.

ಇವತ್ತು ರಾತ್ರಿ ಕ್ವೀನ್‌ನ ‘ಮದರ್ ಲವ್’ ಹಾಡು ಕೇಳು. ಅವನು ಕೊನೆಯದಾಗಿ ಹಾಡಿದ್ದು ಅದೇ, ಸ್ವಿಟ್ಜರ್ಲೆಂಡಿನ ಮೊಂತ್ರೋದ ಸ್ಟುಡಿಯೊದಲ್ಲಿ. ಸುಸ್ತಾಗಿದೆ, ಉಳಿದದ್ದು ಆಮೇಲೆ ಬಂದು ಹಾಡ್ತೀನಿ ಅಂತ ಎದ್ದು ಹೋದನಂತೆ. ಕೊನೆಯ ಚರಣದಲ್ಲಿ ಕೇಳುವ ದನಿ ಕ್ವೀನ್‌ನ ಗಿಟಾರಿಸ್ಟ್ ಬ್ರಯಾನ್ ಮೇಯದು.

ಕೇಳಿ ಬರಿ.

ನಿನ್ನ ಗೆಳೆಯ