ನೀರನ್ನಷ್ಟೇ ಅಲ್ಲ, ಮೀನನ್ನೂ ಪರೀಕ್ಷೆ ಮಾಡಿಸಿ

ರಾಜ್ಯದ ಮೀನುಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಕೆಂಗೇರಿಯವನು. ಅಪ್ಪನ ಜೊತೆ ಕೂತು ಎರೆಹುಳು ಸಿಕ್ಕಿಸುವುದನ್ನು ಕಲಿತ ಕಾಲದಿಂದ ಗಾಳ ಹಾಕುತ್ತಾ ಬಂದಿದ್ದೇನೆ. ಇವತ್ತು ನಿಮ್ಮ ಮುಂದೆ ಇಡುವುದು ಒಂದು ಮೀನಿನ ತಲೆಯ ವಿಷಯ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ವೃಷಭಾವತಿ ಅರ್ಕಾವತಿಯನ್ನು ಸೇರಿ ಮುಂದಕ್ಕೆ ಹರಿಯುವ ಕಡೆ ಹೋಗಿ ಕೂತಿದ್ದೆ. ಗಾಳಕ್ಕೆ ಕೋಳಿ ಕರುಳು ಸಿಕ್ಕಿಸಿದ್ದೆ. ಬೆಂಡು ಒಂದು ಸಲ ಅಲ್ಲಾಡಿತು, ಆಮೇಲೆ ಸೀದಾ ಒಳಗೆ ಹೋಯಿತು. ಎಳೆದಾಡಿ ಎಳೆದಾಡಿ ದಡಕ್ಕೆ ತಂದರೆ ಆಫ್ರಿಕನ್ ಕ್ಯಾಟ್‌ಫಿಶ್. ಒಂದೂವರೆ ಮೊಳ ಉದ್ದ, ನಾಲ್ಕು ಕೆಜಿಗೆ ಕಡಿಮೆಯಿಲ್ಲ, ಚಪ್ಪಟೆ ತಲೆ, ಎಂಟು ಮೀಸೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಮನೆಗೆ ಬಂದು ಬಿಚ್ಚಿದಾಗಲೂ ಅದು ಬಾಯಿ ಆಡಿಸುತ್ತಲೇ ಇತ್ತು. ಹೊಟ್ಟೆ ಕೊಯ್ದರೆ ಎರಡು ಜಿಲೇಬಿ ಮೀನಿನ ಮರಿ, ಅವುಗಳ ಜೊತೆಗೆ ಗುಟ್ಕಾ ಚೀಟಿನ ಒಂದು ಚೂರು. ಕೈಗೆ ಹತ್ತಿದ ವಾಸನೆ ಮೂರು ಸಲ ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು: "ತಲೆ ಇದ್ರೆ ಕೊಡಪ್ಪ, ಮಗಳು ಹೆರಿಗೆಗೆ ಬಂದವಳೆ, ಮೀನು ಸಾರು ಬೇಕಂತೆ." ನಾನು ಕೊಡಲಿಲ್ಲ. ಬಸುರಿ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅಕ್ಕ ಬೇಜಾರು ಮಾಡಿಕೊಂಡು ಒಳಗೆ ಹೋದರು. ಯಾಕೆ ಕೊಡಲಿಲ್ಲ ಅಂತ ತಿಳಿಸಿ ಹೇಳುವುದಕ್ಕೆ ನನ್ನ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ ಸ್ವಾಮಿ.

ನದಿಯಲ್ಲಿ ಮೀನು ಇದೆ ಅಂದಮೇಲೆ ನೀರು ಪರವಾಗಿಲ್ಲ ಅಂತ ಜನ ನಂಬುತ್ತಾರೆ. ಆ ನಂಬಿಕೆ ಗೆಂಡೆ, ರೋಹು, ಕಾಟ್ಲಾ ವಿಷಯದಲ್ಲಿ ಅಷ್ಟಿಷ್ಟು ಸರಿ. ಮೀನು ಬದುಕಿ ಮರಿ ಮಾಡಬೇಕಾದರೆ ಲೀಟರ್ ನೀರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಆದರೆ ಕ್ಯಾಟ್‌ಫಿಶ್ಶಿಗೂ ಕೊರಮೀನಿಗೂ ಆ ಲೆಕ್ಕ ಬೇಕಾಗಿಲ್ಲ. ಅವು ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಬೇರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುವ ನೀರಿನಲ್ಲೂ ಇವು ಕೊಬ್ಬಿ ಬೆಳೆಯುತ್ತವೆ. ಇಂಥ ಗಟ್ಟಿ ಮೀನುಗಳೇ ಕೊನೆಗೆ ಉಳಿದಿವೆ ಅಂದರೆ ನದಿ ಕೆಟ್ಟಿದೆ ಅಂತಲೇ ಅರ್ಥ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಅನ್ನುತ್ತೇವೆ. ಸಣ್ಣ ಮೀನಿನ ಮೈಯಲ್ಲಿದ್ದದ್ದನ್ನೂ ಅದು ನುಂಗುತ್ತದೆ. ಪಾದರಸ ಹಾಗೆ ಮೈಯಿಂದ ಮೈಗೆ ದಾಟುತ್ತಾ ಹೆಚ್ಚುತ್ತಾ ಹೋಗುವ ವಸ್ತು. ಮೀನು ದೊಡ್ಡದಾದಷ್ಟೂ, ವಯಸ್ಸಾದಷ್ಟೂ ಮಾಂಸದಲ್ಲಿ ಅದು ಜಾಸ್ತಿ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಹುಣಸೆಹುಳಿ ಹಾಕಿದರೂ ಹೋಗುವುದಿಲ್ಲ. ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಕಿವಿರು, ಪಿತ್ತಜನಕಾಂಗ, ಮೂಳೆಗಳಲ್ಲಿ ಕೂರುತ್ತವೆ. ನಾವು ಸಾರಿಗೆ ಹಾಕುವುದು ತಲೆಯನ್ನೇ ಅಲ್ಲವೇ? ಜಪಾನಿನ ಮಿನಮಾಟದಲ್ಲಿ ರಾಸಾಯನಿಕ ಕಾರ್ಖಾನೆಯ ಪಾದರಸ ಕಡಲು ಸೇರಿ ಜನ ನರಳುತ್ತಿದ್ದದ್ದು 1956ರಲ್ಲಿ ಬೆಳಕಿಗೆ ಬಂತು. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ತಾಯಂದಿರೂ ಅಲ್ಲಿ ನರರೋಗದ ಮಕ್ಕಳನ್ನು ಹೆತ್ತರು. ಅವರು ತಿಂದಿದ್ದು ಮೀನನ್ನೇ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದವಳು ಅಂತ ಹಿರಿಯರು ಹೇಳುವ ವೃಷಭಾವತಿ ಮೈಸೂರು ರಸ್ತೆ ಪಕ್ಕದಲ್ಲಿ, ಗಾಳಿ ಆಂಜನೇಯ ಸ್ವಾಮಿ ಗುಡಿಯ ಹತ್ತಿರ ಹಾದು ಬರುವಷ್ಟರಲ್ಲಿ ಊರಿನ ಕೊಚ್ಚೆಯ ಜೊತೆಗೆ ಪೀಣ್ಯ ಕಡೆಯ ಕಾರ್ಖಾನೆಗಳ ನೀರೂ ಅವಳೊಳಗೆ ಸೇರಿರುತ್ತದೆ. ಬೈರಮಂಗಲದ ಕೆರೆಗೆ ಇಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿ ಮುಟ್ಟುತ್ತಾಳೆ. ತೀರಾ ಅಳಿವಿನಂಚಿನ ಪಟ್ಟಿಗೆ 2018ರಲ್ಲಿ ಸೇರಿದ ಡುಬ್ಬ ಬೆನ್ನಿನ ಮಹಶೀರ್ ಮೀನಿನ ನೆಲೆಯೂ ಕಾವೇರಿಯೇ.

ನಾನು ಸುಮ್ಮನೆ ಕೂರಲಿಲ್ಲ. ಒಂದು ಕಚೇರಿಗೆ ಹೋದೆ. "ನಾವು ನೀರಿನ ಸ್ಯಾಂಪಲ್ ಮಾತ್ರ ತೆಗೆಯೋದು, ಮೀನು ನಮಗೆ ಬರಲ್ಲ" ಅಂದರು. ಇನ್ನೊಂದು ಕಚೇರಿಯಲ್ಲಿ "ಕೆರೆ ಹರಾಜಿನ ಮೀನಾದರೆ ನಮ್ಮದು, ಕೊಳಚೆ ನೀರಿನದಲ್ಲ" ಅಂದರು. ಎರಡೂ ಕಡೆ ಮರ್ಯಾದೆಯಿಂದಲೇ ಮಾತಾಡಿಸಿದರು, ಅದನ್ನು ಹೇಳಲೇಬೇಕು. ಆದರೆ ಮೀನು ಎರಡು ಕಚೇರಿಗಳ ನಡುವೆ ಜಾರಿಹೋಯಿತು. ಅದನ್ನು ಹಿಡಿಯುವ ಅಧಿಕಾರ ಇರುವುದು ನಿಮಗೆ.

ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಒಮ್ಮೆ ಮಳೆ ನಿಂತ ಮೇಲೆ ಒಮ್ಮೆ, ಕೆಂಗೇರಿಯಿಂದ ಸಂಗಮದವರೆಗೆ ಜನ ಗಾಳ, ಬಲೆ ಹಾಕುವ ಜಾಗಗಳಲ್ಲೇ ಮೀನು ಹಿಡಿಸಿ. ಸಣ್ಣ ಜಿಲೇಬಿಯನ್ನೂ ದೊಡ್ಡ ಕ್ಯಾಟ್‌ಫಿಶ್, ಕೊರಮೀನುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಬಂದ ಫಲಿತಾಂಶವನ್ನು ಕಡತದಲ್ಲಿ ಇಡಬೇಡಿ. ಯಾವ ಮೀನು ತಿನ್ನಬಹುದು, ಯಾವುದನ್ನು ಬಸುರಿಯರೂ ಮಕ್ಕಳೂ ಮುಟ್ಟಬಾರದು ಅಂತ ದಡದಲ್ಲಿ, ಸೇತುವೆ ಪಕ್ಕದಲ್ಲಿ, ಅಂಗನವಾಡಿ ಗೋಡೆಯ ಮೇಲೆ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಅಂತ ಕೇಂದ್ರ ಸರ್ಕಾರ 2000ರಲ್ಲೇ ನಿಷೇಧ ಹಾಕಿದೆ. ಕದ್ದು ಸಾಕಿದ ಹೊಂಡ ಮಳೆಗೆ ತುಂಬಿ ಹರಿದರೆ ಆ ಮೀನು ನದಿಗೆ ಬರುತ್ತದೆ, ಆ ಹೊಂಡಗಳನ್ನೂ ಮುಚ್ಚಿಸಿ.

ಒಂದು ಕೋರಿಕೆ ಮಾತ್ರ ಕೈಮುಗಿದು ಮಾಡುತ್ತೇನೆ. ಪರೀಕ್ಷೆಯ ನೆಪದಲ್ಲಿ ಗಾಳ ಹಾಕುವವರನ್ನು ಅಟ್ಟಬೇಡಿ. ವಾರಕ್ಕೊಮ್ಮೆ ಪುಕ್ಕಟೆ ಸಿಗುವ ಮೀನನ್ನೇ ನೆಚ್ಚಿಕೊಂಡ ಮನೆಗಳು ಆ ದಡದಲ್ಲಿ ಇವೆ. ಅವರು ನದಿ ಕೆಡಿಸಿದವರಲ್ಲ.

ಪರೀಕ್ಷೆಗೆ ಮೀನು ಬೇಕಾದರೆ ನಾನೇ ಹಿಡಿದು, ಐಸ್ ಡಬ್ಬದಲ್ಲಿಟ್ಟು, ಹಿಡಿದ ಜಾಗ, ತೂಕ, ಉದ್ದ ಬರೆದು ಪ್ರಯೋಗಾಲಯದ ಬಾಗಿಲಿಗೆ ತಂದುಕೊಡುತ್ತೇನೆ. ದುಡ್ಡು ಬೇಡ. ವರದಿಯ ಒಂದು ಪ್ರತಿ ಕೊಡಿಸಿ, ಪಕ್ಕದ ಮನೆಯ ಅಕ್ಕನಿಗೆ ತೋರಿಸಬೇಕು.

ಇಂತಿ,
ಗಾಳ ಹಾಕುವ ಒಬ್ಬ ನಾಗರಿಕ
ಕೆಂಗೇರಿ, ಬೆಂಗಳೂರು