ರೀಫ್ ಟ್ಯಾಂಕ್: ಲೈಟ್ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಡುವವರು ದಯವಿಟ್ಟು ಬರೀ ವ್ಯಾಟ್ ನೋಡಿ ಲೈಟ್ ಕೊಳ್ಳಬೇಡಿ. ಕೇಳಬೇಕಾದದ್ದು ಪಾರ್ (PAR) ಎಷ್ಟು ಅಂತ. ಹವಳದೊಳಗಿನ ಪಾಚಿ ಆಹಾರ ಮಾಡಿಕೊಳ್ಳಲು ಬಳಸುವ ಬೆಳಕಿನ ಅಳತೆ ಅದು. ಮೆದು ಹವಳಕ್ಕೆ 50ರಿಂದ 150 ಪಾರ್ ಸಾಕು. ನೀಲಿ ಜಾಸ್ತಿ ಇರುವ, ಬೆಳಕು ತಗ್ಗಿಸಲು ಬರುವ ಎಲ್‌ಇಡಿ ತೆಗೆದುಕೊಳ್ಳಿ. ಮೊದಲ ದಿನವೇ ಪೂರ್ತಿ ಉರಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ. ಕೆಲವು ವಾರ ನಿಧಾನವಾಗಿ ಏರಿಸಿ.

ದುಡ್ಡೆಲ್ಲ ಲೈಟಿಗೇ ಸುರಿಯಬೇಡಿ. ನೀರು 25 ಡಿಗ್ರಿ ಆಸುಪಾಸು ಇರಬೇಕು, ನಮ್ಮ ಬೇಸಿಗೆಯಲ್ಲಿ ಅದು ಸುಲಭವಲ್ಲ. ಒಣ ಹವೆಯ ಊರಲ್ಲಿ ಫ್ಯಾನ್ ಸ್ವಲ್ಪ ತಣಿಸುತ್ತದೆ. ಮಂಗಳೂರಿನ ಸೆಖೆಯಲ್ಲಿ ನೀರು ತಣ್ಣಗಾಗಿಸುವ ಯಂತ್ರ, ಅಂದರೆ ಚಿಲ್ಲರ್, ಬೇಕೇ ಬೇಕು. ಟ್ಯಾಂಕಿನ ನೀರನ್ನು ಓಡಾಡಿಸುವ ಪಂಪ್, ಅಂದರೆ ವೇವ್‌ಮೇಕರನ್ನು, ಯುಪಿಎಸ್‌ಗೆ ಹಾಕಿ. ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬೋರ್‌ವೆಲ್ ನೀರಿಗೆ ಉಪ್ಪು ಬೆರೆಸಬೇಡಿ, ಕರಗಿದ ಲವಣಗಳನ್ನೆಲ್ಲ ಸೋಸಿ ತೆಗೆದ ಆರ್‌ಒ-ಡಿಐ ನೀರೇ ಬೇಕು.

ಇನ್ನೊಂದು ಮುಖ್ಯ ವಿಷಯ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಜೀವಿಗಳ ಪಟ್ಟಿಯಲ್ಲಿ, ಇವೆ. ನೇತ್ರಾಣಿ ಇರಲಿ, ಲಕ್ಷದ್ವೀಪ ಇರಲಿ, ಕಡಲಿನಿಂದ ಕಿತ್ತು ತಂದ ತುಂಡನ್ನು ಯಾರು ಕೊಟ್ಟರೂ ಕೊಳ್ಳಬೇಡಿ. ಅಂಥ ಮಾರಾಟದ ಫೋಟೋ ಈ ಗುಂಪಿನಲ್ಲಿ ಹಾಕುವಂತಿಲ್ಲ.