ಕೀಲ್ ಕಾಲುವೆಯಿಂದ ಅಪ್ಪನಿಗೆ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ನಮ್ಮ ಹಡಗು ಈಗ ಜರ್ಮನಿಯ ಕೀಲ್ ಕಾಲುವೆಯಲ್ಲಿದೆ. ಶಶಿಯ ಪರೀಕ್ಷೆ ಮುಗಿದದ್ದು ತಿಳಿದು ಸಂತೋಷವಾಯಿತು.

ಅಮ್ಮನಿಗೆ ನಿದ್ದೆಯಿಲ್ಲ, ಬಿಪಿ ಏರಿದೆ ಎಂದು ಬರೆದಿದ್ದೀರಿ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡ ವಿಡಿಯೊವನ್ನು ಈಗ ಅವಳಿಗೆ ತೋರಿಸಿದ ಪುಣ್ಯಾತ್ಮರು ಯಾರು? ಅದು 400 ಮೀಟರ್ ಉದ್ದದ ಹಡಗು, ಅವತ್ತು ಗಾಳಿಯೂ ಜೋರಿತ್ತು.

ದಡ ಹಡಗನ್ನು ಎಳೆಯುತ್ತದೆ ಎಂದು ಅವಳಿಗೆ ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ. ಎಳೆಯುವುದು ಹಿಂಭಾಗವನ್ನು. ಮುಂದೆ ನೂಕಿದ ನೀರು ಮೂತಿಗೂ ದಡಕ್ಕೂ ನಡುವೆ ಒತ್ತಿಕೊಂಡು ಮೂತಿಯನ್ನು ಆಚೆ ತಳ್ಳುತ್ತದೆ. ಪಕ್ಕದ ಇಕ್ಕಟ್ಟಿನಲ್ಲಿ ನೀರು ರಭಸದಿಂದ ಹಿಂದಕ್ಕೆ ಹರಿದು ಒತ್ತಡ ಕುಸಿಯುವುದರಿಂದ ಹಿಂಭಾಗ ದಡದತ್ತ ಸರಿಯುತ್ತದೆ. ಬಲದಡ ಹತ್ತಿರವಿದ್ದರೆ ಮೂತಿ ಎಡಕ್ಕೆ ಓಡುತ್ತದೆ; ಆದ್ದರಿಂದ ಚುಕ್ಕಾಣಿಯನ್ನು ಕೆಲವು ಡಿಗ್ರಿ ಬಲಕ್ಕೆ, ದಡದ ಕಡೆಗೇ, ಹಿಡಿದಿರಬೇಕು. ಹೊಸಬರಿಗೆ ಇದೇ ಭಯ. ಡಿಗ್ರಿ ಏರಿಸುತ್ತಲೇ ಹೋಗಬೇಕಾಯಿತೆಂದರೆ ದಡ ತೀರಾ ಹತ್ತಿರ ಅಥವಾ ವೇಗ ಜಾಸ್ತಿ. ವೇಗ ಅರ್ಧವಾದರೆ ಎಳೆತ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಇಲ್ಲಿ ಗಂಟೆಗೆ 15 ಕಿಲೋಮೀಟರ್ ಮೀರುವಂತೆಯೇ ಇಲ್ಲ, ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕುತ್ತಾರೆ!

ನಿಜವಾಗಿ ಎಚ್ಚರ ಬೇಕಾದದ್ದು ಎದುರು ಹಡಗಿಗೆ ದಾರಿ ಬಿಡಲು ಕಾಲುವೆ ಅಗಲವಾಗುವ ಕಡೆ. ಅಲ್ಲಿ ದಡ ಥಟ್ಟನೆ ದೂರ ಸರಿದು ಎಳೆತ ನಿಲ್ಲುತ್ತದೆ. ದಡದ ಕಡೆ ಹಿಡಿದ ಚುಕ್ಕಾಣಿಯನ್ನು ಆ ಕ್ಷಣಕ್ಕೆ ನೇರ ಮಾಡದಿದ್ದರೆ ಹಡಗು ತಾನೇ ದಡದತ್ತ ತಿರುಗುತ್ತದೆ. ಮೂತಿ ಓಡಿಯೇ ಬಿಟ್ಟರೆ ಚುಕ್ಕಾಣಿಯನ್ನು ಹತ್ತಿರದ ದಡದ ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ಜೋರಾಗಿ ಮುಂದಕ್ಕೆ ಓಡಿಸಬೇಕು. ಹಡಗಿನ ವೇಗ ಏರುವ ಮುನ್ನವೇ ಪ್ರೊಪೆಲರ್‌ನ ನೀರು ಚುಕ್ಕಾಣಿಗೆ ಬಡಿದು ಹಿಡಿತ ಬರುತ್ತದೆ. ಗಾಬರಿಯಲ್ಲಿ ಎಂಜಿನ್ ನಿಲ್ಲಿಸಿದರೆ ಆ ನೀರೂ ಇಲ್ಲ, ಹಿಡಿತವೂ ಇಲ್ಲ.

ಕಾಲುವೆಯ ತಳಕ್ಕೂ ಇದೇ ಲೆಕ್ಕ. ಓಡುವ ಹಡಗು ನೀರಿನಲ್ಲಿ ಇನ್ನಷ್ಟು ಕುಸಿಯುತ್ತದೆ. ಇಕ್ಕಟ್ಟಿನಲ್ಲಿ ಆ ಕುಸಿತ ತೆರೆದ ನೀರಿನದಕ್ಕಿಂತ ಸುಮಾರು ಎರಡರಷ್ಟು.

ಇಲ್ಲಿಯ ವಿಚಿತ್ರ ಕೇಳಿ: ಹಡಗಿಗೆ ದಾರಿ ತೋರಿಸಲು ಸ್ಥಳೀಯ ಪೈಲಟ್ ಬರುವುದು ಎಲ್ಲ ಕಡೆಯೂ ಇದ್ದದ್ದೇ. ಈ ಜರ್ಮನ್ನರು ದೊಡ್ಡ ಹಡಗುಗಳಿಗೆ ಚುಕ್ಕಾಣಿ ಹಿಡಿಯುವವರನ್ನೂ ತಾವೇ ಹತ್ತಿಸುತ್ತಾರೆ. ನಮ್ಮ ಹುಡುಗರೇನೂ ಕಡಿಮೆಯಿಲ್ಲ, ಆದರೆ 98 ಕಿಲೋಮೀಟರಿನ ಪ್ರತಿ ತಿರುವೂ ಇಲ್ಲಿಯವರಿಗೆ ಬಾಯಿಪಾಠ. ಅಮ್ಮನಿಗೆ ಇದನ್ನೇ ಮೊದಲು ಓದಿ ಹೇಳಿ. ಇಷ್ಟೆಲ್ಲ ಎಚ್ಚರ ಇರುವಾಗ ನಿದ್ದೆಗೆಡುವಂಥದ್ದೇನೂ ಇಲ್ಲ. ಬಿಪಿ ಮಾತ್ರೆ ತಪ್ಪಿಸಬಾರದು, ಆ ವಿಡಿಯೊ ಅಳಿಸಿಬಿಡಿ.

ವಾಚಿಗೆ, ಅಂದರೆ ನನ್ನ ಪಾಳಿಗೆ, ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗ
ರಘು